ಕಪ್ಪೆ ಜಿಗಿತದಲ್ಲಿ ಸಿಕ್ಕಿಕೊಂಡ ಟೀಚರ್

ಕೊಲ್ಲಿ ದೇಶದ ಅಲ್ ಮವಾಲೇಹ್ ಎಂಬ ಬಡಾವಣೆಯ ಒಂದು ಪುಟ್ಟ ನರ್ಸರಿಯಲ್ಲಿ ನಾನು ಟೀಚರ್ ಆಗಿ ಸೇರಿದ ವರ್ಷ. ಮೇ ಬಂತೆಂದರೆ ಅಂಗಳದ ಜಾರುಬಂಡಿ ಮುಟ್ಟುವಂತಿರಲಿಲ್ಲ, ಅಷ್ಟು ಕಾಯುತ್ತಿತ್ತು. ಹಾಗಾಗಿ ಓಟ, ಕುಣಿತ ಎಲ್ಲ ಎಸಿ ಹಾಕಿದ ಕ್ಲಾಸಿನೊಳಗೇ. ಅರ್ಧ ಗಂಟೆ ಅಕ್ಷರ, ಐದು ನಿಮಿಷ ಕುಣಿತ. ನಮ್ಮ ಹದಿನಾರು ಮಕ್ಕಳು ಅಕ್ಷರವನ್ನು ಸಹಿಸಿಕೊಳ್ಳುತ್ತಿದ್ದದ್ದೇ ಆ ಐದು ನಿಮಿಷದ ಆಸೆಗೆ.

ಒಬ್ಬಳು ಮಾತ್ರ ಸೇರುತ್ತಿರಲಿಲ್ಲ. ನಾಲ್ಕು ವರ್ಷದ ಹುಡುಗಿ, ಬಂದು ಮೂರು ವಾರವಾಗಿತ್ತು. ಕುಣಿತ ಶುರುವಾದೊಡನೆ ಗೋಡೆಗೆ ಬೆನ್ನು ಹಚ್ಚಿ ನಿಂತುಬಿಡುತ್ತಿದ್ದಳು. ಕರೆದರೆ ಒಲ್ಲೆನೆಂದು ತಲೆಯಾಡಿಸುವಳು, ಅಷ್ಟೇ.

ಆ ದಿನ ಕಪ್ಪೆ ಜಿಗಿತ. ಧಾರವಾಡದಲ್ಲಿ ಶಾಲೆಗೆ ಹೋಗುವಾಗ ಕುಪ್ಪಳಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಆ ಜಂಬದಲ್ಲೇ ದುಪಟ್ಟಾ ಸೊಂಟಕ್ಕೆ ಬಿಗಿದು ಕುಕ್ಕುರುಗಾಲಲ್ಲಿ ಕೂತೆ. ಎರಡು ಸಲ ಜಿಗಿದೆ. ಮೂರನೆಯದಕ್ಕೆ ಮೊಣಕಾಲು ಹಿಡಿದುಕೊಂಡಿತು. ಏಳಲಿಕ್ಕಾಗದು, ಉರುಳಲಿಕ್ಕೆ ನಾಚಿಕೆ. ಮಕ್ಕಳಿಗೆ ಇದೂ ಆಟವೇ ಅನ್ನಿಸಿತು. ಹದಿನೈದು ಕಪ್ಪೆಗಳು ನನ್ನ ಮುಖವನ್ನೇ ನೋಡುತ್ತ ಅಲುಗಾಡದೆ ಕೂತವು.

ಬಾಗಿಲಲ್ಲಿ ನಮ್ಮ ಆಯಾ ಕಾಣಿಸಿಕೊಂಡರು. ಪುತ್ತೂರಿನ ಕಡೆಯ ಬ್ಯಾರಿ ಹೆಂಗಸು, ನನಗಿಂತ ಹತ್ತು ವರ್ಷ ಹಿರಿಯರು.

"ಎಂತಾಯ್ತು ಟೀಚರ್?"

"ಮೊಣಕಾಲ ಹಿಡಕೊಂಡೈತ್ರಿ ಅಕ್ಕಾ, ಎಬ್ಬಸ್ರಿ!"

"ಯಾ ಅಲ್ಲಾ! ಸ್ವಲ್ಪ ತಡೀರಿ ಮಾರಾಯ್ರೆ" ಎಂದು ಅವರು ನನ್ನ ಕಂಕುಳಿಗೆ ಕೈ ಹಾಕಿ ಎತ್ತಿದರು. ನನಗೆ ಕಚಗುಳಿಯಾಯಿತು. ನಾನು ನಕ್ಕೆ, ಅವರೂ ನಕ್ಕರು, ನಗುತ್ತ ನಗುತ್ತ ಇಬ್ಬರೂ ಚಾಪೆಯ ಮೇಲೆ ದೊಪ್ಪೆಂದು ಬಿದ್ದೆವು. ಮರುಕ್ಷಣ ಮಕ್ಕಳೆಲ್ಲ ನಮ್ಮ ಮೇಲೆ ರಾಶಿ. ಯಾರದೋ ಕಾಲು ನನ್ನ ಕಿವಿಯ ಹತ್ತಿರ, ಯಾರದೋ ಜೊಲ್ಲು ನನ್ನ ತೋಳಿನ ಮೇಲೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಮೊಣಕಾಲು ಯಾವಾಗ ಬಿಟ್ಟಿತೋ ತಿಳಿಯಲೇ ಇಲ್ಲ.

ಆಗ ಯಾರೋ ನನ್ನ ಹೆಬ್ಬೆರಳು ಜಗ್ಗಿದರು. ನೋಡಿದರೆ ಆ ಹುಡುಗಿ! ಹುಬ್ಬು ಗಂಟಿಕ್ಕಿ, ಅರಬಿ-ಇಂಗ್ಲಿಷ್ ಬೆರೆಸಿ ಅವಸರಪಡಿಸುತ್ತ, "ಯಲ್ಲಾ ಟೀಚರ್, ಗೆಟ್ ಅಪ್! ಲೈಕ್ ದಿಸ್!" ಅಂದಳು. ನಾನು ಕೇಳಿದ ಅವಳ ಮೊದಲ ಮಾತು ಅದು. ಅಂದವಳೇ ಕೂತು ಚಂಗನೆ ಜಿಗಿದಳು. ನೀರಿನ ಬಾಟಲಿಗಳ ಕಪಾಟಿನ ತನಕ ಹೋಗಿ ತಿರುಗಿ ಜಿಗಿಯುತ್ತಲೇ ಬಂದಳು. ಉಳಿದವರು ನನ್ನನ್ನು ಬಿಟ್ಟು ಅವಳ ಹಿಂದೆ ಬಿದ್ದರು.

"ಇದು ಇಷ್ಟು ದಿನ ಎಲ್ಲಿತ್ತು?" ಅಂದರು ಆಯಾ, ಇನ್ನೂ ಚಾಪೆಯ ಮೇಲೇ ಕೂತು.

ಐದು ನಿಮಿಷ ಇಪ್ಪತ್ತಾಯಿತು. ನಾನು ತಡೆಯಲಿಲ್ಲ. ಮಧ್ಯಾಹ್ನ ತಾಯಿ ಕರೆದೊಯ್ಯಲು ಬಂದಾಗ ಹುಡುಗಿ ನಡೆಯಲು ಒಪ್ಪಲೇ ಇಲ್ಲ, ಗೇಟಿನವರೆಗೂ ಕುಪ್ಪಳಿಸಿದಳು. ತಾಯಿ ಬ್ಯಾಗು ಹಿಡಿದು ಹಿಂದೆ ಓಡಿದರು.