ಎಂಜಿನ್ನಿನ ಬಂಗಾರದ ಪಟ್ಟಿ

ನಮ್ಮಪ್ಪ ಕಟ್ಟಿಗೆಯ ರೈಲು ಮಾಡುತ್ತಿದ್ದ. ನಗಬೇಡಿ. ಕೊಪ್ಪಳದ ಸ್ಟೇಷನ್ನಿಗೆ ನಡೆದು ಹೋಗಿ, ಹುಬ್ಬಳ್ಳಿ ಕಡೆಯಿಂದ ಬರುವ ಗಾಡಿಯ ಗಾಲಿ ಎಣಿಸಿಕೊಂಡು ಬಂದು, ಅಷ್ಟೇ ಗಾಲಿ ಹಚ್ಚಿ ಎಂಜಿನ್ನು ಮಾಡುವವನು. ಅದರ ಹಿಂದೆ ಮೂರು ಡಬ್ಬಿ. ನಾವು ಚಿತ್ರಗಾರರು, ದೇವರ ಮೂರ್ತಿ, ತೊಟ್ಟಿಲು, ಗೊಂಬೆ ಮಾಡುವ ಮಂದಿ. ನಮ್ಮೂರಲ್ಲಿ ಮೊದಲು ರೈಲು ಮಾಡಿದವನು ಅಪ್ಪ. ವರ್ಷದೊಳಗೆ ಎದುರುಮನೆಯವನೂ ಸುರು ಹಚ್ಚಿಕೊಂಡ. ಎದುರುಮನೆಯವನು ಬೇರೆ ಯಾರೂ ಅಲ್ಲ, ನಮ್ಮವ್ವನ ಒಡಹುಟ್ಟಿದ ಅಣ್ಣ, ನನ್ನ ಸೋದರಮಾವ.

ಇಬ್ಬರ ರೈಲೂ ನೋಡಲು ಒಂದೇ. ವ್ಯತ್ಯಾಸವೆಲ್ಲ ಬಂಗಾರದ್ದು. ಎಂಜಿನ್ನಿನ ಹೊಟ್ಟೆಗೆ ಸುತ್ತಿದ ಪಟ್ಟಿ, ಡಬ್ಬಿಯ ಕಿಟಕಿಗಳ ಅಂಚು ಹಳದಿ ಹೊಳೆಯಬೇಕು. ಬಂಗಾರ ಅಂದೆನೇ ಹೊರತು, ಖರೇ ಬಂಗಾರ ನಾವು ಎಲ್ಲಿಂದ ತರೋಣ? ಬೆಳ್ಳಿಬಣ್ಣದ ತೆಳು ತಗಡನ್ನು ಅಂಟಿನಲ್ಲಿ ಅರೆದು ಹಚ್ಚಿ, ನುಣ್ಣನೆಯ ಕಲ್ಲಿನಿಂದ ತಿಕ್ಕಿ, ಮೇಲೆ ರಾಳ ಹಾಕಿ ಕಾಸಿದ ಎಣ್ಣೆ ಬಳಿದರೆ ಅದು ಬಂಗಾರ. ಮಾವನ ಬಂಗಾರ ಒಂದು ಮಳೆಗಾಲಕ್ಕೇ ಕರ್ರಗಾಗುತ್ತಿತ್ತು. ಅಪ್ಪನದು ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ಎಣ್ಣೆಗೆ ಅಪ್ಪ ಏನೋ ಒಂದನ್ನು ಹಾಕುತ್ತಿದ್ದ. ಗುಟ್ಟು ಅಂದರೆ ಅದೇ. ಹೈದರಾಬಾದಿಗೆ ಮಾಲು ಒಯ್ಯುವ ಗಂಗಾವತಿಯ ಸೌದಾಗರ ಒದ್ದೆ ಅರಿವೆಯಿಂದ ಎರಡನ್ನೂ ತಿಕ್ಕಿ ನೋಡಿ ಅಪ್ಪನ ರೈಲನ್ನೇ ಎತ್ತಿಕೊಳ್ಳುತ್ತಿದ್ದ. ಮಾವನ ರೈಲು ಕುಕನೂರಿನ ಸಂತೆಯಲ್ಲಿ ಬದನೆಕಾಯಿಯ ಪಕ್ಕ ಕೂರುತ್ತಿತ್ತು.

ಆ ಗುಟ್ಟನ್ನು ಮಗನಿಗೆ ಹೇಳಬೇಕು, ಸೊಸೆಗೆ ಹೇಳಬೇಕು, ಮಗಳಿಗೆ ಮಾತ್ರ ಹೇಳಬಾರದು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಕಲಿತದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾಳಂತೆ. ಅವ್ವ ಸೊಸೆಯಾಗಿ ಬಂದವಳು, ಅಜ್ಜಿ ಅವಳಿಗೆ ಕಲಿಸಿದ್ದಳು. ಎಣ್ಣೆ ಕಾಸುವ ದಿನ ಅವ್ವ ಒಲೆಯ ಮುಂದೆ, ನಾನು ಬೀದಿಯಲ್ಲಿ. "ಹೋಗ ಯವ್ವಾ, ಆಡಿಕೋಂತ ಹೋಗು" ಎಂದು ಅಪ್ಪನೇ ಕದ ಹಾಕಿಕೊಳ್ಳುತ್ತಿದ್ದ. ಆ ಮನೆಗೆ ನಾನೊಬ್ಬಳೇ ಕೂಸು, ಗಂಡು ಹುಟ್ಟಲಿಲ್ಲ. ಆದರೂ ಕದ ತೆರೆಯಲಿಲ್ಲ. ಸೊಸೆ ಅಂದರೂ ಇನ್ನೊಬ್ಬರ ಮಗಳೇ ಅಲ್ಲವೇ ಎಂಬುದು ಆ ಶಾಣ್ಯಾ ಹಿರಿಯರಲ್ಲಿ ಒಬ್ಬರಿಗಾದರೂ ಹೊಳೆದಿದ್ದರೆ!

ನನ್ನನ್ನು ಮಾವನ ಮಗನಿಗೇ ಕೊಟ್ಟರು. ಕಳ್ಳುಬಳ್ಳಿಯ ಸಂಬಂಧ, ನಾನು ತೊಟ್ಟಿಲಲ್ಲಿದ್ದಾಗಲೇ ಆದ ಮಾತು. ರೈಲಿನ ಜಗಳಕ್ಕೆ ಅದನ್ನು ಮುರಿಯುವ ಹಾಗಿರಲಿಲ್ಲ. ಬೀದಿ ದಾಟಿದೆ, ಅಷ್ಟೇ ನನ್ನ ದಿಬ್ಬಣ. ಎಂಟು ದಿನ ಕಳೆದಿರಲಿಲ್ಲ, ಅತ್ತೆ ಕೇಳಿದಳು: "ನಿಮ್ಮಪ್ಪ ಎಣ್ಣ್ಯಾಗ ಏನ ಹಾಕ್ತಾನ?"

"ನನಗ ಗೊತ್ತಿಲ್ಲ ಅತ್ತಿ."

"ಹದಿನಾಲ್ಕು ವರ್ಷ ಆ ಮನ್ಯಾಗ ಉಂಡಿ. ಮೂಗರ ಇತ್ತೋ ಇಲ್ಲೋ ನಿನಗ?"

ನಾನು ತವರಿನ ಪರ ನಿಂತು ಬಚ್ಚಿಡುತ್ತಿದ್ದೇನೆ ಎಂದೇ ಅವಳ ಲೆಕ್ಕ. ಮೊದಲು ರೊಟ್ಟಿ ಕಡಿಮೆಯಾಯಿತು, ಆಮೇಲೆ ಬಾರಿಕೋಲು ಬಂತು. ಗಂಡನ ಮುಂದೆ ಅತ್ತರೆ "ಅವ್ವಗ ಹೇಳಿಬಿಡು, ಮುಗೀತು" ಅನ್ನುವ. ಹೇಳುವುದಕ್ಕೆ ಇದ್ದರೆ ತಾನೇ, ಹಾಳಾದವನೇ!

ಅಷ್ಟರಲ್ಲಿ ನಾಗರಪಂಚಮಿ ಬಂತು. ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ನನ್ನ ತವರು ಅವ್ವನಿದ್ದ ಮನೆ. ಅವ್ವನ ತವರು ನಾನಿದ್ದ ಮನೆ. ಅವಳು ಬುಟ್ಟಿ ಹೊತ್ತು ಈ ಕಡೆ, ನಾನು ಆ ಕಡೆ, ಬೀದಿಯ ನಡುವೆ ಎದುರಾದೆವು. ಕಟ್ಟೆಯ ಮೇಲಿನ ಹೆಂಗಸರು ನಕ್ಕರು. ಅವ್ವ ನಗುತ್ತಲೇ ನನ್ನ ಬೆನ್ನು ತಟ್ಟಿದಳು. ನಾನು ಹೌಹಾರಿದೆ. ಸೆರಗು ಸರಿಸಿ ನೋಡಿದಳು.

"ಯಾರು ಹೊಡದ್ರು?"

"ಜೋಲಿ ತಪ್ಪಿ ಬಿದ್ನಿ ಬೇ."

ಅವಳು ಬುಟ್ಟಿ ಎತ್ತಿಕೊಂಡು ಅಣ್ಣನ ಮನೆಯೊಳಗೆ ಹೋದಳು.

ಮೂರು ದಿನ ತವರಿನಲ್ಲಿ ಜೀಕಿ ಜೀಕಿ ಆಡಿದೆ. ನಾಲ್ಕನೆಯ ದಿನ ಹಿಂತಿರುಗಿದರೆ, ಚಿಕ್ಕಂದಿನಿಂದ ಬೀದಿಯಲ್ಲಿ ನಿಂತು ಮೂಸಿದ್ದ ಅದೇ ಎಣ್ಣೆಯ ವಾಸನೆ ಅತ್ತೆಯ ಅಡುಗೆಮನೆಯಿಂದ ಬರುತ್ತಿತ್ತು. ಅತ್ತೆ ಬಿಸಿ ರೊಟ್ಟಿಗೆ ತುಪ್ಪ ಸವರಿ ತಾನೇ ಕೊಟ್ಟಳು. ಎಲ್ಲ ತಿಳಿಯಿತು. ಗಂಟಲಲ್ಲಿ ಇಳಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಸಿದಿದ್ದೆ, ನಾಲ್ಕು ತಿಂದೆ.

ದೀಪಾವಳಿ ಕಳೆದ ಮೇಲೆ ಸೌದಾಗರ ಬಂದ. ಎರಡು ರೈಲನ್ನೂ ತಿಕ್ಕಿದ, ಮತ್ತೆ ತಿಕ್ಕಿದ. "ಉಸ್ತಾದ್, ಎರಡೂ ಒಂದ ಮನೀ ಮಾಲ್ ಆಗ್ಯಾವಲ್ರಿ" ಅಂದ. ಅಪ್ಪ ಆ ಹೊತ್ತೇ ಹೋಗಿ ಕುಲದ ಹಿರಿಯರನ್ನು ಸೇರಿಸಿದ. ತನ್ನ ಮನೆಯ ಗುಟ್ಟು ಕದ್ದವರು ಯಾರು ಎಂದು ಗೊತ್ತಾಗಬೇಕು ಎಂದ.

ಹಿರಿಯರಿಗೆ ಯೋಚನೆ ಮಾಡುವ ಕೆಲಸವೇ ಬೀಳಲಿಲ್ಲ. "ಗುಟ್ಟು ಹೋಗೋದು ಮಗಳ ಕೈಯಿಂದ. ಅದಕ್ಕ ಹಿಂದಿನವ್ರು ಮಗಳಿಗೆ ಹೇಳಬ್ಯಾಡ್ರಿ ಅಂದಾರ. ಹೆಂಡ್ತಿ ಮನೀ ದೀಪ, ಆಕಿ ಯಾಕ ಹೇಳ್ಯಾಳು?" ಅಂದರು. ಅಪ್ಪನ ಉಳಿಯನ್ನು ನನ್ನ ಮುಂದಿಟ್ಟರು. ಉಳಿ ಮುಟ್ಟಿ ಸುಳ್ಳಾಡಿದರೆ ಕೈ ಬಿದ್ದುಹೋಗುತ್ತದೆ ಎಂದು ನಮ್ಮವರ ನಂಬಿಕೆ.

ನಾನಲ್ಲ ಅಂದರೆ ಉಳಿದವಳು ಒಬ್ಬಳೇ. ಅವ್ವ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು. ಅಪ್ಪ ಅವಳನ್ನು ಹೊರಗೆ ಹಾಕಿದರೆ ಅವಳು ಬಂದು ಬೀಳಬೇಕಾದದ್ದು ನಮ್ಮತ್ತೆಯ ಕೈಕೆಳಗೆ. ಉಳಿಯ ಮೇಲೆ ಕೈಯಿಟ್ಟು "ನಾನ ಹೇಳೀನ್ರಿ" ಅಂದೆ. ಕೈ ಬೀಳಲಿಲ್ಲ, ಇಂದಿಗೂ ಇದೇ ಕೈಯಲ್ಲಿ ಉಣ್ಣುತ್ತಿದ್ದೇನೆ. ಅಪ್ಪನ ಮುಖ ನೋಡಿದೆ. ನನ್ನನ್ನು ಹೊರಗೆ ಕಳಿಸುತ್ತಿದ್ದವನು ಅವನೇ, ಸಿಟ್ಟಿನಲ್ಲಿ ಅದನ್ನೂ ಮರೆತಿರಬೇಕು ಅಂದುಕೊಂಡೆ.

"ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ. ಪಂಚಮಿಗೂ ಬ್ಯಾಡ" ಅಂದ.

ಅವ್ವ ಅಣ್ಣನ ಮನೆಗೆ ಹೋಗುವುದನ್ನೂ ಅಪ್ಪ ನಿಲ್ಲಿಸಿದ. ಪಂಚಮಿ ಬಂದರೆ ಊರೆಲ್ಲ ಜೋಕಾಲಿ. ಅವಳು ಅವಳ ಬಾಗಿಲಲ್ಲಿ, ನಾನು ನನ್ನ ಬಾಗಿಲಲ್ಲಿ, ನಡುವೆ ಒಂದು ಚಕ್ಕಡಿ ಹಾಯುವಷ್ಟು ಬೀದಿ. ಒಂದು ವರ್ಷವಾದರೂ ಅಪ್ಪನ ಮುಂದೆ ನಿಜ ಆಡಿಯಾಳು ಎಂದು ಕಾದೆ. ಆಡಲಿಲ್ಲ. ನನಗಾಗಿ ಹೇಳಿದ ಗುಟ್ಟು ಎಂದು ಗೊತ್ತು, ಗೊತ್ತಿದ್ದೂ ಸಿಟ್ಟು ಇಳಿಯಲಿಲ್ಲ. ನನಗೆ ಎರಡು ಕೂಸು ಹುಟ್ಟಿದವು. ಬಾಣಂತನ ಅತ್ತೆಯೇ ಮಾಡಿದಳು. ಪದ್ಧತಿ ಪ್ರಕಾರ ಸೊಸೆಗೆ ಎಣ್ಣೆ ಕಾಸುವುದನ್ನೂ ಕಲಿಸಿದಳು. ನಮ್ಮಪ್ಪನ ಗುಟ್ಟನ್ನು ನಾನು ಕಲಿತದ್ದು ಹೀಗೆ, ಅವನ ವೈರಿಯ ಒಲೆಯ ಮುಂದೆ.

ಕಲಿತ ಮೇಲೆ ಮಾಡಿದ್ದೇನು? ಮಣ್ಣು. ಎರಡನೆಯ ದೊಡ್ಡ ಯುದ್ಧ ಬಂತು, ತಗಡು ಸಿಗದಾಯಿತು. ಸೌದಾಗರ ಬರುವುದು ನಿಂತಿತು. ಮಾವ ತೊಟ್ಟಿಲಿಗೆ ಬಣ್ಣ ಬಳಿಯತೊಡಗಿದ, ಅಪ್ಪ ಉಳಿಯನ್ನೇ ಕೆಳಗಿಟ್ಟ. ಯಾವ ಗುಟ್ಟಿಗೆ ನನ್ನ ತವರು ಹೋಯಿತೋ ಅದನ್ನು ಪುಕ್ಕಟೆ ಕೊಡುತ್ತೇನೆಂದರೂ ಕೇಳುವವರಿರಲಿಲ್ಲ.

ಅಪ್ಪ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಅವ್ವ ಬೀದಿಯ ಆಚೆಯಿಂದಲೇ ಕೂಗಿದಳು: "ನಿಮ್ಮಪ್ಪ ಕರಿಯಾಕತ್ಯಾನ, ಬಾರವಾ." ಹಿಟ್ಟಿನ ಕೈಯಲ್ಲೇ ಓಡಿದೆ. ಕಡೆಗೂ ಕರೆದನಲ್ಲ ಅಂತ ಕಣ್ಣು ತುಂಬಿ ಬಂದವು. ಅವನ ತಲೆಯ ಹತ್ತಿರ ಕೂತೆ.

"ನೀ ಹೇಳಿಲ್ಲಂತ ನನಗ ಅವತ್ತ ಗೊತ್ತಿತ್ತು" ಅಂದ. "ಕದಾ ಹಾಕ್ತಿದ್ದಾಂವ ನಾನ ಅಲ್ಲನು?"

ಅವ್ವ ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದಳು.

"ಮತ್ತ ಯಾಕ ಸುಮ್ಮನಿದ್ದಿ ಅಪ್ಪಾ?"

"ನಿಮ್ಮವ್ವನ ಹೊರಗ ಹಾಕಿದ್ರ ನನಗ ರೊಟ್ಟಿ ಬಡಿಯವ್ರು ಯಾರಿದ್ರು? ನೀ ಹೆಂಗೂ ಕೊಟ್ಟ ಮನ್ಯಾಗಿದ್ದಿ."

ಬಾಯಿಗೆ ಬಂದದ್ದೆಲ್ಲ ಬೈಯಬೇಕೆನಿಸಿತು. ಅವನು ನೀರು ಕೇಳಿದ, ಕುಡಿಸಿದೆ. ಆಮೇಲೆ ಅವನ ಕೈ ಹಿಡಿದುಕೊಂಡು ಬೇಡಿದೆ: "ಇದ ಒಂದ ಮಾತ ಹಿರ್ಯಾರನ್ನ ಕರೆಸಿ ಹೇಳಪ್ಪಾ. ಬರೋ ಪಂಚಮಿಗೆ ನಾನೂ ನನ್ನ ಮಕ್ಕಳೂ ಮುಂದಿನ ಬಾಗಿಲದಿಂದ ಬರ್ತೀವಿ."

ಅಪ್ಪ ಕೈ ಬಿಡಿಸಿಕೊಂಡು ಗೋಡೆಯ ಕಡೆ ಹೊರಳಿದ. "ಬೀದ್ಯಾಗ ಮಂದಿ ಅದಾರ. ಹಿತ್ತಲ ಕಡಿಂದ ಹೋಗು" ಅಂದ.

ನಾನು ಎದ್ದೆ. ಅವ್ವ ತಂಬಿಗೆ ಕೆಳಗಿಟ್ಟು, ನನಗಿಂತ ಮುಂದೆ ಹೋಗಿ ಹಿತ್ತಲ ಬಾಗಿಲಿನ ಅಗಳಿ ತೆಗೆದಳು.