ನಾಲ್ಕನೇ ಮಹಡಿಯ ರಾಯಭಾರಿ

ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರು ಯಾವುದೋ ಹುರುಪಿನಲ್ಲಿ "ನೀವಿಬ್ಬರೂ ನಮ್ಮ ಕಾಲೇಜಿನ ರಾಯಭಾರಿಗಳು" ಎಂದುಬಿಟ್ಟರು. ವಿಮಾನ ಹತ್ತುವ ಹೊತ್ತಿಗೆ ನಾನು ಅದನ್ನು ಮರೆತಿದ್ದೆ. ನನ್ನ ಜೊತೆ ಆಯ್ಕೆಯಾಗಿದ್ದ ಸಹಪಾಠಿ ಮರೆಯಲಿಲ್ಲ. ಆರು ತಿಂಗಳ ವಿನಿಮಯಕ್ಕೆಂದು ಪರದೇಶದ ವಿಶ್ವವಿದ್ಯಾಲಯಕ್ಕೆ ಕಾಲಿಟ್ಟ ಮೊದಲ ದಿನವೇ, ಕೋಣೆಯ ಬೀಗದಕೈ ಕೊಡಲು ಕಾದಿದ್ದ ವಾರ್ಡನ್ ಮೇಡಂ ಮುಂದೆ ಹತ್ತು ನಿಮಿಷ ಭಾಷಣ ಬಿಗಿದ. ಆಕೆ ಪೂರ್ತಿ ಕೇಳಿಸಿಕೊಂಡು, "ಆಯ್ತಪ್ಪ, ಇಲ್ಲೊಂದು ಸಹಿ ಹಾಕು" ಎಂದರು. ಅಂದಿನಿಂದ ನನ್ನ ಪಾಲಿಗೆ ಅವನು ರಾಯಭಾರಿ.

ಹಾಸ್ಟೆಲಿನ ನಾಲ್ಕನೇ ಮಹಡಿಯಲ್ಲಿ ಹನ್ನೆರಡು ಕೋಣೆ, ನಾವು ಹುಡುಗಿಯರೂ ಸೇರಿ ಎಲ್ಲರಿಗೂ ಒಂದೇ ಅಡುಗೆಮನೆ. ರಾಯಭಾರಿ ಮನೆಯಲ್ಲಿ ಕುಡಿದ ಲೋಟ ಎತ್ತಿಟ್ಟವನಲ್ಲ, ಇಲ್ಲೂ ಎತ್ತಿಡಲಿಲ್ಲ. ಉಂಡ ತಟ್ಟೆಯನ್ನು ಸಿಂಕಿಗೆ ಹಾಕಿ, "ನೆನೀಲಿ, ಆಮೇಲೆ ತೊಳೆಯೋದು ಸುಲಭ" ಎನ್ನುತ್ತಿದ್ದ. ಆ 'ಆಮೇಲೆ' ಬರುತ್ತಲೇ ಇರಲಿಲ್ಲ. ಮೂರನೇ ದಿನ ವಾಸನೆ ತಾಳಲಾರದೆ ಯಾರಾದರೂ ತೊಳೆಯಬೇಕಾಗುತ್ತಿತ್ತು, ಹೆಚ್ಚಾಗಿ ಅವನ ರೂಂಮೇಟು. ಅವನು ಇನ್ನಾವುದೋ ದೇಶದಿಂದ ಕಲ್ಲುಮಣ್ಣಿನ ಶಾಸ್ತ್ರ ಓದಲು ಬಂದವನು. ಭಾಷೆ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ, ಮಾತು ಕಡಿಮೆ. ರಾಯಭಾರಿ ಅವನಿಗೆ 'ಮೂಕಪ್ಪ' ಎಂದು ಹೆಸರಿಟ್ಟಿದ್ದ. ತನ್ನ ಎಂಜಲು ತೊಳೆಯುವವನನ್ನೇ ಆಡಿಕೊಳ್ಳಲು ಎಂಥ ದಪ್ಪ ಚರ್ಮ ಬೇಕೋ!

ರಾಯಭಾರಿ ತರಗತಿಗೆ ಹೋಗುತ್ತಿದ್ದುದು ಮನಸ್ಸು ಬಂದಾಗ. ಒಮ್ಮೆ ಗ್ರಂಥಾಲಯದ ಮೆಟ್ಟಿಲ ಮೇಲೆ ನಿಂತು ನನ್ನಿಂದ ಹದಿನೇಳು ಫೋಟೊ ತೆಗೆಸಿಕೊಂಡ. ಒಳಗೆ ಕಾಲಿಡದೆ ವಾಪಸು ಬಂದ. ಫೋಟೊದ ಕೆಳಗೆ 'ಜ್ಞಾನದಾಹ' ಎಂದು ಬರೆದುಕೊಂಡಿದ್ದ.

ಮೂರನೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅವನು ಒಲೆಯ ಮೇಲೆ ಬಾಣಲೆಯಿಟ್ಟು ಎಣ್ಣೆ ಸುರಿದ. ಅಷ್ಟರಲ್ಲಿ ತಾಯಿಯ ವಿಡಿಯೊ ಕಾಲ್ ಬಂತು. "ನೋಡಮ್ಮಾ, ಅಡುಗೆ ಎಲ್ಲಾ ನಾನೇ!" ಎನ್ನುತ್ತಾ ಫೋನು ಹಿಡಿದು ಹೊರಗೆ ನಡೆದ. ನಾನು ಬಾಗಿಲ ಬಳಿ ಇದ್ದೆ.

"ಲೋ, ಒಲೆ ಉರೀತಿದೆ ಕಣೋ."

"ಗೊತ್ತು, ಗೊತ್ತು" ಎಂದು ಕೈಯಾಡಿಸಿದ.

ನಾನೇ ಆರಿಸಬಹುದಿತ್ತು. ಇವನ ಚಾಕರಿ ನಾನ್ಯಾಕೆ ಮಾಡಲಿ ಎಂಬ ಹಟದಲ್ಲಿ ಕೋಣೆಗೆ ಹೋಗಿಬಿಟ್ಟೆ.

ಸ್ವಲ್ಪ ಹೊತ್ತಿಗೆಲ್ಲ ಬೆಂಕಿಯ ಗಂಟೆ ಹೊಡೆದುಕೊಂಡಿತು. ಇಡೀ ಹಾಸ್ಟೆಲು ಅಂಗಳಕ್ಕಿಳಿಯಿತು. ಕೆಲವರು ಟವೆಲ್ಲಿನಲ್ಲಿದ್ದರು, ಒಬ್ಬಳ ಬಾಯಲ್ಲಿ ಇನ್ನೂ ಬ್ರಷ್ಷಿತ್ತು. ಎಲ್ಲರಿಗಿಂತ ದೊಡ್ಡ ಗಂಟಲು ರಾಯಭಾರಿಯದೇ. "ಯಾವನ್ರೀ ಅವನು, ಬೇಜವಾಬ್ದಾರಿ ಮನುಷ್ಯ? ಇಂಥವರಿಂದಲೇ ನಮಗೆಲ್ಲ ಕೆಟ್ಟ ಹೆಸರು!"

ಆಗ ರೂಂಮೇಟು ಕೆಮ್ಮುತ್ತಾ ಹೊರಗೆ ಬಂದ. ಒದ್ದೆ ಟವೆಲು ಮುಚ್ಚಿ ಬೆಂಕಿ ಆರಿಸಿದ್ದ. ಮುಖವೆಲ್ಲ ಮಸಿ, ಕೈಯಲ್ಲಿ ಕರಿಹಿಡಿದ ಬಾಣಲೆ. ಎಲ್ಲರ ಕಣ್ಣೂ ಅವನ ಮೇಲೆ. ಅವನಿಗೆ ಕೆಮ್ಮಿನ ನಡುವೆ ಒಂದು ವಾಕ್ಯ ಕೂಡಿಸಲಾಗಲಿಲ್ಲ. ವಾರ್ಡನ್ ಮೇಡಂ ರಾಯಭಾರಿಯ ಕಡೆ ತಿರುಗಿದರು. "ನಿನ್ನ ರೂಂಮೇಟ್ ಅಲ್ವಾ? ಏನಾಯ್ತು?"

"ಪಾಪ, ಅವನಿಗೆ ಮರೆವು ಜಾಸ್ತಿ ಮೇಡಂ. ಈ ಒಂದು ಸಲ ಕ್ಷಮಿಸಿಬಿಡಿ."

ಸುತ್ತ ನಿಂತವರು ಮೆಚ್ಚಿಕೊಂಡು ತಲೆಯಾಡಿಸಿದರು. ಮೂರು ದಿನದಲ್ಲಿ ರೂಂಮೇಟನ್ನು ಕ್ಯಾಂಪಸ್ಸಿನ ತುದಿಯ ಹಳೇ ಕಟ್ಟಡಕ್ಕೆ ಸಾಗಹಾಕಿದರು. ರಾಯಭಾರಿ ಎರಡೂ ಮಂಚ ಜೋಡಿಸಿಕೊಂಡು ಕೈಕಾಲು ಚಾಚಿ ಮಲಗಿದ.

ನಾನು ಎಂಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಒಂದೇ ಕಾಲೇಜು, ಅವನ ತಾಯಿಗೂ ನನ್ನ ತಾಯಿಗೂ ದಿನಾ ಮಾತುಕತೆ, ನಾಳೆ ಊರಲ್ಲಿ ಮುಖ ನೋಡಬೇಕು ಎಂದೆಲ್ಲ ನೆವ ಹುಡುಕಿಕೊಂಡೆ. ಒಂಬತ್ತನೇ ದಿನ ಹೋಗಿ ಎಲ್ಲ ಹೇಳಿದೆ. ಮೇಡಂ ಕನ್ನಡಕ ತೆಗೆದಿಟ್ಟು, "ಇಷ್ಟು ದಿನ ಏನ್ ಮಾಡ್ತಿದ್ದೆ?" ಎಂದು ಕೇಳಿದರು.

ರಾಯಭಾರಿಯನ್ನು ಕರೆಸಿದರು. ಅವನು ಒಂದಿಷ್ಟೂ ಬೆವರಲಿಲ್ಲ. "ಗಲಿಬಿಲಿಯಲ್ಲಿ ಹಾಗಂದೆ ಮೇಡಂ. ಸಂಸ್ಕೃತಿ ಬೇರೆ ಬೇರೆ ಆದಾಗ ಇಂಥ ತಪ್ಪು ತಿಳಿವಳಿಕೆ ಆಗುತ್ತೆ."

"ಒಲೆ ಆರಿಸೋದಕ್ಕೆ ಯಾವ ಸಂಸ್ಕೃತಿ ಬೇಕಪ್ಪಾ?" ಎಂದರು ಮೇಡಂ.

ಒಂದು ತಿಂಗಳು ಅಡುಗೆಮನೆ ತೊಳೆಯುವ ಶಿಕ್ಷೆ ಬಿತ್ತು. ಎರಡು ದಿನ ತೊಳೆದ. ಮೂರನೇ ದಿನ ಸೊಂಟ ಹಿಡಿಯಿತಂತೆ.

ಅವನಿಗೆ ಯಾವ ಕೇಡೂ ಆಗಲಿಲ್ಲ. ಊರಿಗೆ ಮರಳಿದ ಮೇಲೆ 'ಪರದೇಶ ಕಲಿಸಿದ ಸ್ವಾವಲಂಬನೆ' ಎಂದು ಒಂದು ಗಂಟೆ ಮಾತಾಡಿ ಚಪ್ಪಾಳೆ ಗಿಟ್ಟಿಸಿಕೊಂಡ. ಈಗ ಯಾವುದೋ ಕಾಲೇಜಿನಲ್ಲಿ ಹುಡುಗ ಹುಡುಗಿಯರನ್ನು ಪರದೇಶಕ್ಕೆ ಕಳಿಸುವ ವಿಭಾಗಕ್ಕೆ ಅವನೇ ಮುಖ್ಯಸ್ಥ.

ನಾನು ಮರೆಯಲಾಗದ್ದು ಬೇರೆಯೇ ಇದೆ. ಮೇಡಂಗೆ ಹೇಳಿದ ಮರುದಿನ ಆ ಹಳೇ ಕಟ್ಟಡಕ್ಕೆ ಹೋಗಿದ್ದೆ. ರೂಂಮೇಟು ಕಿಟಕಿಯ ಕಟ್ಟೆಯ ಮೇಲೆ ಕಲ್ಲಿನ ಚೂರುಗಳನ್ನು ಸಾಲಾಗಿ ಜೋಡಿಸುತ್ತಿದ್ದ.

"ಎಲ್ಲಾ ಹೇಳಿದ್ದೀನಿ. ನೀನು ವಾಪಸ್ ಬರಬಹುದು" ಎಂದೆ, ಏನೋ ದೊಡ್ಡ ಉಪಕಾರ ಮಾಡಿದವಳಂತೆ.

"ಬೇಡ. ಇಲ್ಲಿ ಚೆನ್ನಾಗಿದೆ." ಪದ ಹುಡುಕುತ್ತಾ ಮುಂದುವರಿಸಿದ. "ಆ ದಿನ ನಾನು ಬಟ್ಟೆ ಒಗೆದು ಬರ್ತಿದ್ದೆ. ದೂರದಿಂದ ಕಾಣ್ತು. ನೀನು ಒಲೆ ನೋಡಿದೆ. ನೋಡಿ, ಹೋದೆ."

ಅವನು ಕೋಪ ಮಾಡಿಕೊಂಡಿದ್ದರೆ ಕ್ಷಮೆ ಕೇಳುತ್ತಿದ್ದೆ. ಕೋಪವಿರಲಿಲ್ಲ. ರಾಯಭಾರಿಯ ಮಾತೆತ್ತಿದಾಗ ನನ್ನ ದನಿ ಹೇಗಿರುತ್ತದೋ, ಅವನ ದನಿ ಹಾಗೆಯೇ ಇತ್ತು. ಆಮೇಲೆ ಅವನು ಕಲ್ಲುಗಳ ಕಡೆ ತಿರುಗಿಕೊಂಡ. ನಾನು ಬಾಗಿಲೆಳೆದುಕೊಂಡು ಬಂದೆ.