ತಿರುಗಿ ನೋಡಿದ ಗಂಡ

೨೦೨೪ರ ಫೆಬ್ರುವರಿ ೧೧, ಭಾನುವಾರ. ಆಧಾರ: ನನ್ನ ದಿನಚರಿ, ವಾರವನ್ನು ಆ ವರ್ಷದ ಗೋಡೆ ಕ್ಯಾಲೆಂಡರಿನೊಡನೆ ತಾಳೆ ನೋಡಿದ್ದೇನೆ. ಅಂದು ಮಧ್ಯಾಹ್ನ ಲಕ್ಷ್ಮೀಪುರಂನ ಒಂದು ಮನೆಯಲ್ಲಿ ನಾವು ಐದಾರು ಮಂದಿ ಸೇರಿ ಟೀವಿಯಲ್ಲಿ ಒಂದು ಒಪೆರಾ ನೋಡಿದೆವು. ಮನೆಯೊಡತಿ ನಿವೃತ್ತ ಸಂಗೀತ ಶಿಕ್ಷಕಿ, ದಶಕಗಳ ಕಾಲ ಚರ್ಚಿನ ಗಾಯಕವೃಂದದಲ್ಲಿ ಹಾಡಿದವರು. ನಮಗೆಲ್ಲ ಅವರು ಟೀಚರ್, ಅವರಿಗೆ ನಾನು ಸಾರ್. ಯಾರು ಏನು ಹೇಳಿದರೆಂಬುದನ್ನು ಕೂಟ ಮುಗಿಯುವ ಮೊದಲೇ ಉದ್ದನೆಯ ನೋಟ್‌ಪುಸ್ತಕವೊಂದರಲ್ಲಿ ಬರೆದಿಡುವುದು ಅವರ ಪದ್ಧತಿ.

ಕಥೆ ಬಹಳ ಹಳೆಯದು. ಸತ್ತ ಹೆಂಡತಿಯನ್ನು ಕರೆತರಲು ಗಾಯಕನೊಬ್ಬ ಪಾತಾಳಕ್ಕಿಳಿಯುತ್ತಾನೆ. ಮೇಲೆ ತಲುಪುವವರೆಗೆ ತಿರುಗಿ ನೋಡಬಾರದೆಂಬುದು ನಿಬಂಧನೆ. ನೋಡುತ್ತಾನೆ, ಕಳೆದುಕೊಳ್ಳುತ್ತಾನೆ. ಆ ಗಂಡನ ಪಾತ್ರವನ್ನು ಹಾಡುತ್ತಿದ್ದವಳು ತಗ್ಗು ಕಂಠದ ಒಬ್ಬ ಹೆಂಗಸು. ನಂಜನಗೂಡಿನ ಕಡೆಯ ಬೇಸಾಯದ ಮನೆಯಲ್ಲಿ ಬೆಳೆದ ನನ್ನ ಹೆಂಡತಿಗೆ ಅದು ಸೋಜಿಗವೆನಿಸಿತು.

“ಗಂಡನ ಪಾರ್ಟು ಹೆಂಗಸ್ರು ಮಾಡ್ತಾರಾ ಟೀಚರ್?”

“ಯಾಕ್ರೀ, ನಿಮ್ಮೂರ ನಾಟಕದಲ್ಲಿ ಗಂಡಸ್ರು ಮೀಸೆ ಬೋಳಿಸ್ಕೊಂಡು ಸೀರೆ ಉಡ್ತಿರ್ಲಿಲ್ವಾ?”

“ನಮ್ಮ ದೊಡ್ಡಪ್ಪನೇ ಉಡ್ತಿದ್ರು. ದೊಡ್ಡಮ್ಮಂಗಿಂತ ಚೆನ್ನಾಗಿ ಕಾಣೋರು. ಅದಕ್ಕೇ ಮನೇಲಿ ಜಗಳ.”

ಟೀಚರ್ ನಕ್ಕು, ಟೀವಿ ನಿಲ್ಲಿಸಿ, ಕುರ್ಚಿಯ ಬೆನ್ನು ಹಿಡಿದು ನಿಂತು ಆ ಗಂಡನ ಅಳಲನ್ನು ತಾವೇ ಎರಡು ಸಾಲು ಹಾಡಿದರು. ಎಪ್ಪತ್ತು ದಾಟಿದ ಆ ಹೆಂಗಸು ಅಷ್ಟು ಹೊತ್ತು ಹೆಂಡತಿ ಸತ್ತ ಗಂಡನೇ ಆಗಿದ್ದರು. ಹೆಣ್ಣು ಗಂಡುಗಳ ಬಗ್ಗೆ ನಾನು ಓದಿದ ಯಾವ ಪ್ರಬಂಧವೂ ನನಗೆ ಅಷ್ಟನ್ನು ತಿಳಿಸಿರಲಿಲ್ಲ.

ಅನಂತರ ನಡೆದುದನ್ನು ನಾನು ಹಲವರ ಮುಂದೆ ಹೇಳಿಕೊಂಡಿದ್ದೇನೆ. ಯಮನ ಬೆನ್ನು ಹತ್ತಿದ ನಮ್ಮ ಪುರಾಣದ ಸತಿಯನ್ನು ಆ ಗಾಯಕನ ಎದುರಿಗಿಟ್ಟು ನಾನೆಂದೆ: ಅವನು ಹಾಡಿ ಪಡೆದುದನ್ನು ನೋಡಿ ಕಳೆದುಕೊಂಡ, ಅವಳು ಹೆಜ್ಜೆಗೊಂದು ಮಾತಾಡಿ ಗಂಡನನ್ನೇ ಬಿಡಿಸಿಕೊಂಡಳು. ಹೆಂಡತಿಯ ಹೆಜ್ಜೆಯ ಸದ್ದು ಗೊತ್ತಿದ್ದರೆ ಆ ಗಂಡ ತಿರುಗಿ ನೋಡಬೇಕಾಗಿರಲಿಲ್ಲ. ಎಲ್ಲರೂ ಮೆಚ್ಚಿದರು. ದಿನಚರಿಯಲ್ಲೂ ಹೀಗೆಯೇ ಇದೆ. ಆದರೆ ಆ ಪುಟ ಮರುದಿನ ಬರೆದದ್ದು.

ಒಪೆರಾದ ದಾಂಪತ್ಯಗಳನ್ನು ಕುರಿತ ನನ್ನ ಲೇಖನವೊಂದು ಪೂರ್ತಿಯಾಗಿ ಈ ಮಾತಿನ ಮೇಲೆ ನಿಂತಿದೆ. ಕಳೆದ ವಾರ ಅದರ ಕರಡಚ್ಚು ಬಂತು. ಸೋಮವಾರದೊಳಗೆ ತಿದ್ದಿ ಕಳಿಸಬೇಕಿತ್ತು. ತಾಳೆ ನೋಡದ ಒಂದು ಸಾಲನ್ನೂ ನಾನು ಈವರೆಗೆ ಅಚ್ಚಿಗೆ ಕೊಟ್ಟಿಲ್ಲವೆಂಬುದೇ ನನ್ನ ಹೆಮ್ಮೆ. ಜಯಲಕ್ಷ್ಮಿಪುರಂನ ನಮ್ಮ ಮನೆಯ ಊಟದ ಮೇಜಿನ ಬಳಿ ಕುಳಿತು ನನ್ನ ಹೆಂಡತಿ ಅದನ್ನು ಕೊನೆಯವರೆಗೂ ಓದಿದಳು.

“ಚೆನ್ನಾಗಿದೆ ಕಣ್ರೀ. ಆ ಹೆಜ್ಜೆ ಮಾತು ಮಾತ್ರ ತೆಗೀಬೇಡಿ.”

“ತೆಗೆಯೋದೆಲ್ಲಿ ಬಂತು? ಅದೇ ಲೇಖನದ ಜೀವ.”

“ತಾರೀಖು ಸರಿಯಾಗಿದೆಯಾ? ಯಾವ್ದಕ್ಕೂ ಟೀಚರ್ ಪುಸ್ತಕ ಒಂದ್ಸಲ ನೋಡ್ಬುಡಿ.”

ನಲವತ್ತಕ್ಕೂ ಹೆಚ್ಚು ವರ್ಷ ನನ್ನೊಡನೆ ಬಾಳಿದವಳು. ಯಾವ ಮಾತು ಹೇಳಿದರೆ ನಾನು ಚಪ್ಪಲಿ ಮೆಟ್ಟುತ್ತೇನೆಂದು ಬಲ್ಲಳು. ನಾನು ತಾರೀಖಿಗೆಂದು ಹೋದೆ. ಬಂದ ಮೇಲೆ ಕರಡಿನಲ್ಲಿ ಆ ಹೆಜ್ಜೆಯ ವಾಕ್ಯದ ಮುಂದೆ “ನನ್ನ ಹೆಂಡತಿ ಹೇಳಿದಂತೆ” ಎಂದು ಸೇರಿಸಿ ಕಳಿಸಿದೆ. ಅದನ್ನು ಅವಳಿಗೆ ತೋರಿಸಿದಾಗ, “ಸದ್ಯ, ತಾರೀಖು ಸಿಕ್ತಲ್ಲ” ಎಂದಷ್ಟೇ ಹೇಳಿ ಕಾಫಿಗೆ ನೀರಿಟ್ಟಳು.

ಟೀಚರ್ ಅವರ ಪುಸ್ತಕದಲ್ಲಿ ತಾರೀಖು ನನ್ನ ದಿನಚರಿಯದೇ. ಅದರ ಕೆಳಗೆ ಅವರ ದುಂಡನೆಯ ಅಕ್ಷರದಲ್ಲಿ ಹೀಗಿದೆ: “ಹೆಜ್ಜೆ ಸದ್ದು ಗೊತ್ತಿದ್ದರೆ ಅವನು ಯಾಕೆ ತಿರುಗುತ್ತಿದ್ದ? ಇದು ಸಾರ್ ಅವರ ಮನೆಯವರ ಮಾತು. ಯಮನ ವಿಷಯ ತೆಗೆದವರೂ ಅವರೇ. ಆಗ ಸಾರ್ ಇಲ್ಲಿರಲಿಲ್ಲ. ಈ ಒಪೆರಾ ಮೊದಲು ಆಡಿದ ವರ್ಷ ಹುಡುಕಲು ಒಳಗಿನ ಕೋಣೆಯಲ್ಲಿ ಪುಸ್ತಕದ ಬೀರು ತೆರೆದಿದ್ದರು. ಬಂದ ಮೇಲೆ ನಾವೇ ಅವರಿಗೆ ಹೇಳಿದೆವು.”